‘ರಾತ್ರಿಗೆ ಎತ್ತಿಬಿಡ್ತೀನಿ ಸಾರ್’

ಬಚ್ಚಲುಮನೆ ಒಡೆಸಿದ ಮೂವತ್ತು ಮೂಟೆ ಡೆಬ್ರಿಯನ್ನು ಆ ಟೆಂಪೊದವನಿಗೆ ಕೊಡಬೇಡಿ. ಅವನು ‘ರಾತ್ರಿಗೆ’ ಎಂದನಲ್ಲ, ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಹಗಲು ಸುರಿಯಲಾಗದ ಜಾಗವೆಂದರೆ ಕೆರೆಯಂಗಳ, ಇಲ್ಲವೇ ರಾಜಕಾಲುವೆ. ಕಟ್ಟಡ ತ್ಯಾಜ್ಯಕ್ಕೆಂದೇ 2016ರಲ್ಲಿ ಬಂದ ಕೇಂದ್ರದ ನಿಯಮಗಳು ಮೊದಲ ಹೊಣೆ ಹೊರಿಸಿದ್ದು ತ್ಯಾಜ್ಯ ಹುಟ್ಟಿಸಿದವರ ಮೇಲೆ. ಮೂಟೆಯೊಳಗೆ ನಿಮ್ಮ ವಿಳಾಸವಿರುವ ಒಂದು ಕೊರಿಯರ್ ಕವರ್ ಸಿಕ್ಕರೂ ಪಾಲಿಕೆಯ ಮಾರ್ಷಲ್ ನಿಮ್ಮ ಬಾಗಿಲಿಗೇ ಬಂದಾರು.

ಬೆಂಗಳೂರಿನವರಾದ್ದರಿಂದ ಮೊದಲು ಸಹಾಯವಾಣಿ 1533ಕ್ಕೆ ಫೋನ್ ಮಾಡಿ, ಅನುಮತಿ ಇರುವ ಸಾಗಣೆದಾರರು ಯಾರೆಂದು ಕೇಳಿ. ಬಂದವರನ್ನು ‘ಎಷ್ಟು?’ ಎನ್ನುವ ಮೊದಲು ‘ಎಲ್ಲಿಗೆ ಒಯ್ಯುತ್ತೀರಿ?’ ಎನ್ನಿ. ಸರಿಯಾದವರು ಸಂಸ್ಕರಣಾ ಘಟಕದ ಹೆಸರನ್ನು ತಡವರಿಸದೆ ಹೇಳುತ್ತಾರೆ. ಗಾಡಿ ನಂಬರಿನ ಫೋಟೊ ತೆಗೆದುಕೊಳ್ಳಿ. ಅರ್ಧ ಹಣವನ್ನು ಇಟ್ಟುಕೊಂಡು, ಘಟಕದ ತೂಕದ ಚೀಟಿ ಕೈಗೆ ಬಂದ ಮೇಲೆ ಕೊಡಿ. ಚೌಕಾಸಿ ಮಾಡಿ, ತಪ್ಪಿಲ್ಲ. ಆದರೆ ಉಳಿದವರಿಗಿಂತ ತೀರಾ ಕಡಿಮೆ ಕೇಳುವವನು ಡೀಸೆಲ್ ಉಳಿಸುವುದು ಹತ್ತಿರದ ಖಾಲಿ ಸೈಟಿನಲ್ಲೇ.

ಹಳೆಯ ನಲ್ಲಿ, ಕಬ್ಬಿಣದ ಪೈಪುಗಳನ್ನು ಮೂಟೆಗೆ ತುಂಬಬೇಡಿ. ಗುಜರಿಯವನು ಅದಕ್ಕೆ ನಿಮಗೇ ದುಡ್ಡು ಕೊಡುತ್ತಾನೆ. ಕೆಟ್ಟ ಗೀಸರ್ ಮಾತ್ರ ಇ-ತ್ಯಾಜ್ಯದವರಿಗೆ.