ಮಕ್ಕಳ ಮುಖದ ಬಿಳಿ ಮಚ್ಚೆಗಳು

ಮಗುವಿನ ಕೆನ್ನೆಯ ಮೇಲೆ ಕಾಸಿನಗಲದ ಬಿಳಿಯ ಮಚ್ಚೆಯೊಂದು ಕಾಣಿಸಿಕೊಂಡಿತೆಂದರೆ ಮನೆಯವರ ಎದೆ ಝಲ್ಲೆನ್ನುತ್ತದೆ. ತೊನ್ನೇ? ಕುಷ್ಠವೇ? ಹೆಣ್ಣುಮಗುವಾದರಂತೂ ಮುಂದೆಂದೋ ಆಗಬೇಕಾದ ಮದುವೆಯ ಚಿಂತೆ ಅಂದೇ ಮೊದಲಾಗುತ್ತದೆ. ಹೊಟ್ಟೆಯಲ್ಲಿ ಹುಳುವಾಗಿದೆಯೆಂದು ಒಬ್ಬರು, ಮೈಗೆ ಸುಣ್ಣದ ಅಂಶ ಸಾಲದೆಂದು ಮತ್ತೊಬ್ಬರು ಹೇಳುತ್ತಾರೆ. ವಾಸ್ತವವಾಗಿ ಶಾಲಾ ವಯಸ್ಸಿನ ಮಕ್ಕಳ ಮುಖದಲ್ಲಿ ಕಾಣುವ ಇಂಥ ಮಚ್ಚೆಗಳಲ್ಲಿ ಹೆಚ್ಚಿನವು ನಿರಪಾಯವಾದವು. ಎಲ್ಲವೂ ಹಾಗಲ್ಲವಾದ್ದರಿಂದ ಅವುಗಳನ್ನು ಗುರುತಿಸುವ ಬಗೆಯನ್ನು ನಾವು ತಿಳಿದಿರುವುದು ಲೇಸು.

ಹೊರಚರ್ಮದ ಅತ್ಯಂತ ಕೆಳಗಿನ ಪದರದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಜೀವಕೋಶಗಳಿವೆ. ಅವು ತಮ್ಮ ಬಣ್ಣವನ್ನು ಸುತ್ತಣ ಕೋಶಗಳಿಗೆ ಹಂಚುತ್ತವೆ. ಈ ವರ್ಣಕೋಶಗಳೇ ನಾಶವಾದರೆ ಬಣ್ಣ ಪೂರ್ತಿ ಅಳಿದುಹೋಗುತ್ತದೆ; ಕೋಶಗಳಿದ್ದೂ ಅವುಗಳ ಕೆಲಸ ಕುಂಠಿತವಾದರೆ ಬಣ್ಣ ತಗ್ಗುತ್ತದೆ, ಅಷ್ಟೆ. ಬಣ್ಣ ಅಳಿದ ಬಿಳುಪು ಬೇರೆ, ಬಣ್ಣ ತಗ್ಗಿದ ಬಿಳುಪು ಬೇರೆ. ರೋಗನಿರ್ಣಯದ ಮೊದಲ ಮೆಟ್ಟಿಲು ಇದು.

ಮೇಲೆ ಹೇಳಿದ ನಿರಪಾಯ ಮಚ್ಚೆಗೆ ವೈದ್ಯರು ಪಿಟಿರಿಯಾಸಿಸ್ ಆಲ್ಬ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಪಿಟಿರಾನ್ ಎಂದರೆ ತವುಡು. ಲ್ಯಾಟಿನ್ನಿನಲ್ಲಿ ಆಲ್ಬ ಎಂದರೆ ಬಿಳಿ. ಹೆಸರು ಚೆನ್ನಾಗಿಯೇ ಒಪ್ಪುತ್ತದೆ, ಏಕೆಂದರೆ ಮಚ್ಚೆಯ ಮೇಲೆ ನಯವಾದ ತವುಡು ಉದುರಿಸಿದಂತೆ ಹೊಟ್ಟು ಕಾಣುತ್ತದೆ. ಸಾಮಾನ್ಯವಾಗಿ 3ರಿಂದ 16 ವರ್ಷದವರಲ್ಲಿ, ಕೆನ್ನೆ, ಗಲ್ಲ, ಬಾಯಿಯ ಸುತ್ತ, ಕೆಲವೊಮ್ಮೆ ತೋಳಿನ ಮೇಲೆ ಇದು ಏಳುತ್ತದೆ. ಅಗಲ ಒಂದರಿಂದ ನಾಲ್ಕು ಸೆಂಟಿಮೀಟರು. ಮೊದಲಲ್ಲಿ ತುಸು ಕೆಂಪಾಗಿದ್ದು ಆಮೇಲೆ ಬಿಳಿಚಿಕೊಳ್ಳುವುದುಂಟು. ಇದರ ಅಂಚನ್ನು ಇಲ್ಲಿಂದ ಇಲ್ಲಿಗೆ ಎಂದು ಬೆರಳಿಟ್ಟು ತೋರಿಸಲಾಗದು. ಸುತ್ತಣ ಚರ್ಮದಲ್ಲಿ ಅದು ಮೆಲ್ಲನೆ ಕರಗಿಹೋಗಿರುತ್ತದೆ. ಬಿಸಿಲಿಗೆ ಉಳಿದ ಚರ್ಮ ಕಪ್ಪಾದಾಗ ಮಚ್ಚೆ ಎದ್ದು ತೋರುತ್ತದೆಯಾದ್ದರಿಂದ ಬೇಸಿಗೆಯಲ್ಲಿ ಹೊಸದಾಗಿ ಬಂದಿತೆಂದು ತಾಯಂದಿರು ಭಾವಿಸುತ್ತಾರೆ. ಒಣಚರ್ಮದ ಮಕ್ಕಳಲ್ಲಿ, ಇಸುಬು ಅಥವಾ ಉಬ್ಬಸದ ಪ್ರವೃತ್ತಿಯುಳ್ಳ ಮನೆತನಗಳಲ್ಲಿ ಇದು ಹೆಚ್ಚು. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಹುಳುವಿನ ಔಷಧಿಯಿಂದಲೂ ಸುಣ್ಣದಂಶದ ಗುಳಿಗೆಯಿಂದಲೂ ಇದು ಹೋಗದು. ಚರ್ಮದ ಒಣಗು ನೀಗಿಸುವ ಸಾದಾ ಮುಲಾಮು, ಹೆಚ್ಚು ಖಾರವಲ್ಲದ ಸಾಬೂನು, ಬಿಸಿಲಿನಿಂದ ಮರೆ, ಇಷ್ಟು ಸಾಕು. ಬಣ್ಣ ಮರಳಲು ಹಲವು ತಿಂಗಳು, ಕೆಲವರಲ್ಲಿ ವರ್ಷಕ್ಕೂ ಮೇಲ್ಪಟ್ಟು, ಹಿಡಿಯುತ್ತದೆ.

ಹರೆಯದವರ ಎದೆ, ಬೆನ್ನು, ಕುತ್ತಿಗೆಗಳಲ್ಲಿ ಹರಡುವ ಚಿಬ್ಬು ಬೇರೆ ಜಾತಿಯದು. ಇದು ಶಿಲೀಂಧ್ರದ ಕೆಲಸವೆಂಬುದನ್ನು ಜರ್ಮನಿಯ ಐಖ್‌ಷ್ಟೆಟ್ 1846ರಲ್ಲಿ ಕಂಡುಹಿಡಿದನು. ಎಲ್ಲರ ಚರ್ಮದ ಮೇಲೂ ಸಾಧುವಾಗಿ ಬಾಳುವ ಈ ಮಲಸೇಷಿಯ, ಬೆವರು ಸೆಕೆಗಳಲ್ಲಿ ಹುಲುಸಾಗಿ ಬೆಳೆದು ಮೆಲನಿನ್ ತಯಾರಿಕೆಯನ್ನು ತಡೆಯುತ್ತದೆ. ಉಗುರಿನಿಂದ ಕೆರೆದರೆ ಹೊಟ್ಟು ಏಳುವುದೇ ಇದರ ಗುರುತು. ಔಷಧಿಯಿಂದ ಶಿಲೀಂಧ್ರ ಸತ್ತಮೇಲೂ ಬಣ್ಣ ಬರಲು ತಿಂಗಳುಗಳೇ ಬೇಕು. ಇದನ್ನರಿಯದೆ ಔಷಧಿ ಹಿಡಿಯಲಿಲ್ಲವೆಂದು ವೈದ್ಯರನ್ನು ಬದಲಿಸುವವರು ಬಹಳ.

ತೊನ್ನಿನ ಮಚ್ಚೆಯಾದರೋ ಸುಣ್ಣದಂತೆ ಅಚ್ಚಬಿಳುಪು, ಅಂಚು ಸ್ಪಷ್ಟ, ಹೊಟ್ಟಿಲ್ಲ. ಸಂದೇಹವಿದ್ದಾಗ ವೈದ್ಯರು ಕತ್ತಲ ಕೋಣೆಯಲ್ಲಿ ವುಡ್ ದೀಪದಿಂದ ನೋಡುತ್ತಾರೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ ರಚಿಸಿದ, ನೇರಿಳಾತೀತ ಕಿರಣಗಳನ್ನು ಸೋಸಿಬಿಡುವ ಗಾಜಿನಿಂದ ಇದು ಹುಟ್ಟಿತು. ಇದರಡಿ ತೊನ್ನು ನೀಲಿಬಿಳುಪಾಗಿ ಹೊಳೆಯುತ್ತದೆ. ಬಣ್ಣ ತಗ್ಗಿದ ಮಚ್ಚೆ ಹಾಗೆ ಹೊಳೆಯದು. ತೊನ್ನನ್ನು ಶ್ವೇತಕುಷ್ಠವೆಂದು ಕರೆದುದು ಅನ್ಯಾಯವೇ ಸರಿ. ಕುಷ್ಠಕ್ಕೂ ಅದಕ್ಕೂ ಯಾವ ನಂಟೂ ಇಲ್ಲ, ಅದು ಅಂಟುವುದೂ ಇಲ್ಲ.

ನಿಜವಾದ ಕುಷ್ಠದ ಮುಖ್ಯ ಲಕ್ಷಣ ಬಣ್ಣವಲ್ಲ, ಸ್ಪರ್ಶಜ್ಞಾನದ ಲೋಪ. ಹತ್ತಿಯ ಎಳೆಯೊಂದನ್ನು ಮೊದಲು ಮಗುವಿನ ಆರೋಗ್ಯವಾದ ಚರ್ಮಕ್ಕೆ ಸೋಕಿಸಿ ಆಟದಂತೆ ಕಲಿಸಬೇಕು. ಬಳಿಕ ಕಣ್ಣು ಮುಚ್ಚಿಸಿ ಮಚ್ಚೆಗೂ ಅದರ ಸುತ್ತಲೂ ಸೋಕಿಸಿ, ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳಬೇಕು. ಮೈಕೈಗಳ ಮಚ್ಚೆಯಲ್ಲಿ ಮಗು ಮತ್ತೆ ಮತ್ತೆ ತಪ್ಪಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮುಖದಲ್ಲಿ ಈ ಪರೀಕ್ಷೆ ನೆಚ್ಚತಕ್ಕದ್ದಲ್ಲ: ಅಲ್ಲಿ ನರಗಳು ದಟ್ಟವಾಗಿರುವುದರಿಂದ ರೋಗವಿದ್ದರೂ ಸ್ಪರ್ಶ ತಿಳಿಯಬಹುದು. ಆದುದರಿಂದ ಹೊಟ್ಟಿಲ್ಲದ, ಮಾಸದೆ ನಿಂತ ಮುಖದ ಮಚ್ಚೆಯನ್ನೂ ತೋರಿಸಬೇಕು. ವೈದ್ಯರು ಮೊಳಕೈ, ಕುತ್ತಿಗೆಗಳ ನರಗಳು ದಪ್ಪವಾಗಿವೆಯೇ ಎಂದು ಮುಟ್ಟಿ ನೋಡುತ್ತಾರೆ. 2005ರ ಕೊನೆಗೆ ಭಾರತದಲ್ಲಿ ಕುಷ್ಠರೋಗಿಗಳ ಪ್ರಮಾಣ 10,000 ಜನರಿಗೆ ಒಬ್ಬರಿಗಿಂತ ಕೆಳಗಿಳಿದರೂ ರೋಗ ಅಳಿದಿಲ್ಲ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೂಚಿಸಿದ ಬಹೌಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. 6 ಅಥವಾ 12 ತಿಂಗಳ ಈ ಚಿಕಿತ್ಸೆಯಿಂದ ರೋಗ ಗುಣವಾಗುತ್ತದೆ. ಬೇಗ ಆರಂಭಿಸಿದರೆ ಅಂಗವೈಕಲ್ಯವೂ ತಪ್ಪುತ್ತದೆ.

ವೈದ್ಯರನ್ನು ಕಾಣುವ ಮೊದಲು ಸುಡುವ ಗಿಡದ ರಸಗಳನ್ನಾಗಲಿ, ಅಂಗಡಿಯವರು ತಾವಾಗಿ ಕೊಡುವ ಪ್ರಬಲ ಸ್ಟೀರಾಯ್ಡ್ ಮುಲಾಮುಗಳನ್ನಾಗಲಿ ಹಚ್ಚಕೂಡದು. ಇವು ಮುಖದ ತೆಳುಚರ್ಮವನ್ನು ಕೆಡಿಸುವುದಲ್ಲದೆ ಮೇಲೆ ಹೇಳಿದ ಗುರುತುಗಳನ್ನೂ ಅಳಿಸಿಬಿಡುತ್ತವೆ.