ಗ್ಯಾಲ್ವೆಸ್ಟನ್ನಿನ ಜಲಪ್ರಳಯ

ಚಂಡಮಾರುತವೆಂದೊಡನೆ ಬುಡಮೇಲಾದ ಮರಗಳು, ಹಾರಿಹೋದ ಹೆಂಚುಗಳು, ಕಿವಿ ಗಡಚಿಕ್ಕುವ ಗಾಳಿಯ ಮೊರೆತ ನಮ್ಮ ಕಣ್ಣ ಮುಂದೆ ಬರುತ್ತವೆ. ಗಾಳಿ ಭಯಂಕರವಾದುದೇ ನಿಜ. ಆದರೆ ಕರಾವಳಿಯ ಜನರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಬಲಿತೆಗೆದುಕೊಂಡಿರುವುದು ಬಹುಮಟ್ಟಿಗೆ ಆ ಗಾಳಿ ದೂಡಿಕೊಂಡು ತಂದ ಕಡಲಿನ ನೀರು. 1970ರ ನವೆಂಬರಿನಲ್ಲಿ ಗಂಗಾನದಿಯ ಮುಖಜಭೂಮಿಯಲ್ಲಿ, ಇಂದಿನ ಬಾಂಗ್ಲಾದೇಶದ ಭೋಲಾ ಮುಂತಾದ ದ್ವೀಪಗಳಲ್ಲಿ, ಒಂದೇ ರಾತ್ರಿ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತುದು ಹೀಗೆ. 1977ರ ನವೆಂಬರಿನಲ್ಲಿ ನಮ್ಮ ನೆರೆಯ ಆಂಧ್ರಪ್ರದೇಶದ ದಿವಿಸೀಮೆಯಲ್ಲಿ ಸುಮಾರು ಹತ್ತು ಸಾವಿರ ಮಂದಿ ಪ್ರಾಣ ಕಳೆದುಕೊಂಡುದೂ ಹೀಗೆಯೇ. ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್ ಎನಿಸಿಕೊಳ್ಳುವ ಈ ಮಾರುತಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್ ಎಂದು ಹೆಸರು. ಅಂಥ ಒಂದು ಹರಿಕೇನ್ 1900ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಗ್ಯಾಲ್ವೆಸ್ಟನ್ ನಗರವನ್ನು ಹಾಳುಗೆಡವಿತು. ಆ ದೇಶದ ಇತಿಹಾಸದಲ್ಲಿ ಪ್ರಕೃತಿವಿಕೋಪದಿಂದ ಅಷ್ಟು ಜನ ಸತ್ತುದು ಅದರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಗ್ಯಾಲ್ವೆಸ್ಟನ್ ಟೆಕ್ಸಾಸ್ ರಾಜ್ಯದ ದಡಕ್ಕೆ ಸಮೀಪದಲ್ಲಿ ಮೆಕ್ಸಿಕೊ ಕೊಲ್ಲಿಗೆ ಎದೆಯೊಡ್ಡಿ ಮಲಗಿರುವ ಒಂದು ಮರಳಿನ ದ್ವೀಪ. ಉದ್ದ ಮೂವತ್ತು ಮೈಲಿಗೆ ತುಸು ಕಡಿಮೆ; ಅಗಲ ಹೆಚ್ಚೆಂದರೆ ಮೂರು ಮೈಲಿ. ಒಂದು ಪಕ್ಕದಲ್ಲಿ ಕೊಲ್ಲಿಯ ತೆರೆಗಳು, ಇನ್ನೊಂದು ಪಕ್ಕದಲ್ಲಿ ಶಾಂತವಾದ ಹಿನ್ನೀರು. ಆ ಕಾಲಕ್ಕೆ ಅದು ಹತ್ತಿಯ ವ್ಯಾಪಾರದಿಂದ ಸಿರಿವಂತವಾದ ಬಂದರು. ಜನಸಂಖ್ಯೆ 37,000ಕ್ಕೂ ಹೆಚ್ಚು. ವರ್ತಕರ ಭವ್ಯವಾದ ಮನೆಗಳು, ವಿದ್ಯುದ್ದೀಪಗಳು, ಬೀದಿಗಳಲ್ಲಿ ಓಡಾಡುವ ಟ್ರಾಮ್ ಗಾಡಿಗಳು ಎಲ್ಲವೂ ಅಲ್ಲಿದ್ದವು. ಇಲ್ಲದಿದ್ದುದು ಎತ್ತರ ಮಾತ್ರ. ಇಡೀ ನಗರದ ಅತ್ಯುನ್ನತ ಸ್ಥಳವೂ ಸಮುದ್ರಮಟ್ಟದಿಂದ ಒಂಬತ್ತು ಅಡಿಯನ್ನು ಮುಟ್ಟುತ್ತಿರಲಿಲ್ಲ.

ಅಪಾಯದ ಸುಳಿವು ಇರಲಿಲ್ಲವೆಂದಲ್ಲ. ಅದೇ ಕರಾವಳಿಯಲ್ಲಿ ಇಂಡಿಯಾನೋಲ ಎಂಬ ಇನ್ನೊಂದು ಬಂದರು 1875ರ ಬಿರುಗಾಳಿಯಲ್ಲಿ ಧ್ವಂಸವಾಗಿ, ಮತ್ತೆ ಎದ್ದು, 1886ರಲ್ಲಿ ಎರಡನೆಯ ಬಾರಿ ನೆಲಸಮವಾದ ಮೇಲೆ ಜನ ಆ ಊರನ್ನೇ ತೊರೆದಿದ್ದರು. ಅದನ್ನು ಕಂಡು ಗ್ಯಾಲ್ವೆಸ್ಟನ್ನಿನ ಕೆಲವರು ಸಮುದ್ರಕ್ಕೆ ಅಡ್ಡಲಾಗಿ ಗೋಡೆ ಕಟ್ಟಬೇಕೆಂದು ವಾದಿಸಿದರು. ಗೋಡೆ ಏಳಲಿಲ್ಲ. 1891ರಲ್ಲಿ ಅಲ್ಲಿನ ಹವಾಮಾನ ಕಚೇರಿಯ ಮುಖ್ಯಸ್ಥನಾಗಿದ್ದ ಐಸಾಕ್ ಕ್ಲೈನ್, ಬಿರುಗಾಳಿಯಿಂದ ಈ ನಗರಕ್ಕೆ ಗಂಭೀರವಾದ ಹಾನಿಯಾದೀತೆಂಬ ಭಯ ಅರ್ಥವಿಲ್ಲದ್ದೆಂದು ಪತ್ರಿಕೆಯಲ್ಲಿ ಬರೆದನು. ದಡದ ಮುಂದಿನ ಕಡಲು ಬಹು ದೂರದವರೆಗೆ ಆಳವಿಲ್ಲದ್ದಾದುದರಿಂದ ತೆರೆಗಳು ಅಲ್ಲಿಯೇ ಒಡೆದು ಬಲಗುಂದುವುವೆಂಬುದು ಆತನ ತರ್ಕ. ಆತ ಕರ್ತವ್ಯನಿಷ್ಠನಾದ ಅಧಿಕಾರಿ, ವೈದ್ಯಶಾಸ್ತ್ರವನ್ನೂ ಓದಿದವನು. ಆದರೆ ಈ ವಿಷಯದಲ್ಲಿ ಆತನ ಮಾತು ವಸ್ತುಸ್ಥಿತಿಗೆ ತೀರ ವಿರುದ್ಧವಾಗಿತ್ತು.

ಅದು ಹೇಗೆಂಬುದನ್ನು ತುಸು ವಿವರವಾಗಿ ನೋಡಬೇಕು. ಚಂಡಮಾರುತದ ನಡುವೆ ವಾಯುಭಾರ ಬಹಳ ಕಡಿಮೆ. ಒತ್ತಡ ಕುಗ್ಗಿದೆಡೆಯಲ್ಲಿ ಕಡಲಿನ ಮೈ ತುಸು ಉಬ್ಬುತ್ತದೆ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಪ್ರಬಲವಾದ ಮಾರುತದಲ್ಲಿಯೂ ಇದರಿಂದ ಆಗುವ ಏರಿಕೆ ಎರಡು ಮೂರು ಅಡಿ ಮಾತ್ರ. ಮಿಕ್ಕುದೆಲ್ಲ ಗಾಳಿಯ ಕೆಲಸ. ದಡದತ್ತ ಎಡೆಬಿಡದೆ ಬೀಸುವ ಗಾಳಿ ನೀರನ್ನು ಮುಂದೆ ಮುಂದೆ ತಳ್ಳುತ್ತದೆ. ಕಡಲು ಆಳವಾಗಿದ್ದರೆ ಹಾಗೆ ತಳ್ಳಲ್ಪಟ್ಟ ನೀರು ಕೆಳಗಿನಿಂದ ಹಿಂದಕ್ಕೆ ಹರಿದುಹೋಗಲು ಎಡೆಯಿರುತ್ತದೆ. ಆಳವಿಲ್ಲದ ಕಡಲಿನಲ್ಲಿ ಆ ದಾರಿ ಇಲ್ಲ. ನೀರು ದಡದ ಮೇಲೆ ರಾಶಿಯಾಗಿ ಏರಲೇಬೇಕು. ಕ್ಲೈನ್ ಯಾವುದನ್ನು ರಕ್ಷಣೆಯೆಂದು ನಂಬಿದ್ದನೋ ಅದೇ ನಾಶದ ಕಾರಣವಾಗಿತ್ತು. ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ತಳ ಆಳವಿಲ್ಲದಿರುವುದರ ಜೊತೆಗೆ ಕರಾವಳಿ ಆಲಿಕೆಯಂತೆ ಕಿರಿದಾಗಿರುವುದರಿಂದ ಕೇಡು ಇನ್ನೂ ಹೆಚ್ಚು. ಹೀಗೆ ಏರುವ ನೀರಿಗೆ ಕಡಲುಬ್ಬರವೆಂದು ಹೆಸರು. ಚಂದ್ರ ಸೂರ್ಯರ ಆಕರ್ಷಣೆಯಿಂದ ದಿನವೂ ಬಂದುಹೋಗುವ ಉಬ್ಬರವೇ ಬೇರೆ, ಇದೇ ಬೇರೆ. ಎರಡೂ ಒಂದೇ ವೇಳೆಗೆ ಕೂಡಿದರೆ ಮಾತ್ರ ಗಂಡಾಂತರ ಇಮ್ಮಡಿಯಾಗುತ್ತದೆ. ಸಮುದ್ರದ ನೀರು ಒಂದು ಘನ ಮೀಟರಿಗೆ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆಂಬುದನ್ನು ನೆನೆದರೆ, ಮರದ ಮನೆಗಳು ಅದರ ಮುಂದೆ ಏಕೆ ನಿಲ್ಲಲಾರವೆಂಬುದು ತಿಳಿಯುತ್ತದೆ.

1900ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ಮಾರುತ ಕ್ಯೂಬಾ ದ್ವೀಪವನ್ನು ದಾಟಿತು. ಅದು ಟೆಕ್ಸಾಸಿನ ಕಡೆಗೆ ಸಾಗುತ್ತಿದೆಯೆಂದು ಅಲ್ಲಿನ ಅನುಭವಿಗಳಾದ ವೀಕ್ಷಕರು ಊಹಿಸಿದ್ದರು. ಆದರೆ ಕ್ಯೂಬಾದಿಂದ ತಂತಿಯ ಮೂಲಕ ಇಂಥ ಸುದ್ದಿಗಳು ಬರುವುದನ್ನು ಅಮೆರಿಕದ ಹವಾಮಾನ ಇಲಾಖೆ ಅದಕ್ಕೆ ಮೊದಲೇ ತಡೆಹಿಡಿದಿತ್ತು. ಮಾರುತ ಉತ್ತರಕ್ಕೆ ತಿರುಗಿ ಅಟ್ಲಾಂಟಿಕ್ ಕರಾವಳಿಯತ್ತ ಹೋಗುವುದೆಂದು ವಾಷಿಂಗ್ಟನ್ನಿನ ಅಧಿಕಾರಿಗಳು ನಂಬಿಕೊಂಡರು. ತಿಳಿದವರ ಮಾತು ತಲುಪಬೇಕಾದವರಿಗೆ ತಲುಪದೆ ಹೋಯಿತು.

ಸೆಪ್ಟೆಂಬರ್ 8, ಶನಿವಾರ. ಬೆಳಗಿನಿಂದಲೇ ಗಾಳಿ ಉತ್ತರದಿಂದ, ಎಂದರೆ ನೆಲದ ಕಡೆಯಿಂದ ಕಡಲಿನತ್ತ ಬೀಸುತ್ತಿತ್ತು. ಅಂಥ ಗಾಳಿಗೆ ನೀರು ಹಿಂದೆ ಸರಿಯಬೇಕು. ಬದಲಾಗಿ ಅದು ಏರುತ್ತಲೇ ಇತ್ತು. ಇದನ್ನು ಕಂಡ ಕ್ಲೈನ್ ಕಳವಳಗೊಂಡನು. ಗಾಡಿಯಲ್ಲಿ ಕಡಲತಡಿಗೆ ಹೋಗಿ ಎತ್ತರದ ಕಡೆಗೆ ತೆರಳುವಂತೆ ಜನರನ್ನು ಎಚ್ಚರಿಸಿದುದಾಗಿ ಆತ ಮುಂದೆ ಬರೆದುಕೊಂಡಿದ್ದಾನೆ. ಇದನ್ನು ಸಂದೇಹದಿಂದ ಕಾಣುವ ಇತಿಹಾಸಕಾರರೂ ಇದ್ದಾರೆ. ಬೀದಿಗಳಲ್ಲಿ ನಿಂತ ನೀರಿನಲ್ಲಿ ಮಕ್ಕಳು ಸಂತೋಷದಿಂದ ಆಡುತ್ತಿದ್ದರು. ಉತ್ತರದ ಗಾಳಿ ಹಿನ್ನೀರನ್ನು ನಗರದೊಳಕ್ಕೆ ನುಗ್ಗಿಸಿತು; ಮುಂದುಗಡೆಯಿಂದ ಕೊಲ್ಲಿಯ ನೀರು ಏರಿ ಬಂದಿತು. ಭೂಭಾಗಕ್ಕೆ ಸೇರಿಸುತ್ತಿದ್ದ ಸೇತುವೆಗಳು ಕೊಚ್ಚಿಹೋದ ಮೇಲೆ ದ್ವೀಪವನ್ನು ಬಿಡುವ ದಾರಿಯೇ ಇಲ್ಲವಾಯಿತು. ಸಂಜೆ ಆರರ ಬಳಿಕ ಗಾಳಿಯ ವೇಗವನ್ನು ಅಳೆಯುವ ಯಂತ್ರ ಗಂಟೆಗೆ ನೂರು ಮೈಲಿಯನ್ನು ತೋರಿಸಿ ತಾನೇ ಹಾರಿಹೋಯಿತು. ಮಾರುತದ ಕೇಂದ್ರ ನಗರದ ಪಶ್ಚಿಮಕ್ಕೆ ಹಾದುದರಿಂದ ಗಾಳಿ ಪೂರ್ವಕ್ಕೂ ಅಲ್ಲಿಂದ ಆಗ್ನೇಯಕ್ಕೂ ತಿರುಗಿತು. ಅದುವರೆಗೆ ತಡೆಹಿಡಿದಂತಿದ್ದ ಕಡಲು ಈಗ ಗಾಳಿಯೊಡನೆಯೇ ನುಗ್ಗಿತು. ಏಳೂವರೆಯ ಸುಮಾರಿಗೆ ನಾಲ್ಕೇ ಸೆಕೆಂಡುಗಳಲ್ಲಿ ನೀರು ನಾಲ್ಕು ಅಡಿ ಏರಿತೆಂದು ಕ್ಲೈನ್ ದಾಖಲಿಸಿದ್ದಾನೆ. ಕೊನೆಗೆ ಅದರ ಎತ್ತರ ಹದಿನೈದು ಅಡಿಯನ್ನು ಮೀರಿತು.

ಆತನ ಮನೆ ಗಟ್ಟಿಯಾದುದೆಂದು ಸುಮಾರು ಐವತ್ತು ಜನ ಅಲ್ಲಿ ಆಶ್ರಯ ಪಡೆದಿದ್ದರು. ತೆರೆಗಳು ಕಿತ್ತುತಂದ ಟ್ರಾಮ್ ಹಳಿಯ ಒಂದು ಉದ್ದವಾದ ತುಂಡು ಟಗರಿನಂತೆ ಡಿಕ್ಕಿಹೊಡೆಯಲು ಮನೆ ಕುಸಿಯಿತು. ಕ್ಲೈನ್, ಆತನ ತಮ್ಮ, ಮೂವರು ಹೆಣ್ಣುಮಕ್ಕಳು ಮರದ ತುಂಡುಗಳ ಮೇಲೆ ಗಂಟೆಗಟ್ಟಲೆ ತೇಲಿ ಬದುಕಿಕೊಂಡರು. ಗರ್ಭಿಣಿಯಾಗಿದ್ದ ಪತ್ನಿ ಬದುಕಲಿಲ್ಲ.

ಕಡಲತಡಿಯ ಸೇಂಟ್ ಮೇರಿ ಅನಾಥಾಲಯದಲ್ಲಿ 93 ಮಕ್ಕಳೂ 10 ಮಂದಿ ಸಂನ್ಯಾಸಿನಿಯರೂ ಇದ್ದರು. ಮಕ್ಕಳು ಅಗಲಿಹೋಗದಿರಲೆಂದು ಸಂನ್ಯಾಸಿನಿಯರು ಬಟ್ಟೆ ಒಣಹಾಕುವ ಹಗ್ಗದಿಂದ ಅವರನ್ನು ತಮ್ಮ ನಡುವಿಗೆ ಕಟ್ಟಿಕೊಂಡರು. ಧೈರ್ಯ ತುಂಬಲು ಅವರಿಂದ ಸ್ತೋತ್ರಗಳನ್ನು ಹಾಡಿಸಿದರು. ಕಟ್ಟಡ ಉರುಳಿದಾಗ ಉಳಿದವರು ಮೂವರು ಹುಡುಗರು ಮಾತ್ರ. ಅವರು ನೀರಿನಲ್ಲಿ ತೇಲುತ್ತಿದ್ದ ಒಂದು ಮರವನ್ನು ಹಿಡಿದುಕೊಂಡಿದ್ದರು. ಬಳಿಕ ಸಿಕ್ಕಿದ ಸಂನ್ಯಾಸಿನಿಯರ ಶವಗಳಿಗೆ ಮಕ್ಕಳ ಶವಗಳು ಇನ್ನೂ ಕಟ್ಟಿಕೊಂಡೇ ಇದ್ದವು.

ಮುರಿದ ಮನೆಗಳ ಅವಶೇಷವೆಲ್ಲ ಮೈಲಿಗಟ್ಟಲೆ ಉದ್ದದ ದಿಬ್ಬವಾಗಿ, ಮುಂದಿನ ಸಾಲಿನ ಮನೆಗಳನ್ನು ಕೆಡವುತ್ತ ಸಾಗಿ, ಕೊನೆಗೆ ಒಂದೆಡೆ ನಿಂತಿತು. ಹಾಗೆ ನಿಂತ ದಿಬ್ಬವೇ ಅಡ್ಡಕಟ್ಟೆಯಾಗಿ ಅದರ ಹಿಂದಿನ ನಗರವನ್ನು ಕಾಪಾಡಿತೆಂಬುದು ಒಂದು ವಿಚಿತ್ರ. ಸುಮಾರು 3,600 ಮನೆಗಳು ನಿರ್ನಾಮವಾಗಿದ್ದವು. ಸತ್ತವರ ಲೆಕ್ಕ ಖಚಿತವಾಗಿ ಸಿಗಲಿಲ್ಲ. 6,000ದಿಂದ 12,000ದವರೆಗೆ ಅಂದಾಜುಗಳಿದ್ದು, 8,000ವೆಂದು ಹೇಳುವುದು ವಾಡಿಕೆ. ದೋಣಿಗಳಲ್ಲಿ ಒಯ್ದು ಕಡಲಿಗೆ ಹಾಕಿದ ಶವಗಳನ್ನು ತೆರೆಗಳು ಮತ್ತೆ ದಡಕ್ಕೇ ತಂದೊಪ್ಪಿಸಿದವು. ಬಳಿಕ ವಾರಗಟ್ಟಲೆ ಚಿತೆಗಳು ಉರಿದವು. ಎಪ್ಪತ್ತೆಂಟು ವರ್ಷದ ಕ್ಲಾರಾ ಬಾರ್ಟನ್ ರೆಡ್‌ಕ್ರಾಸ್ ಸಂಸ್ಥೆಯ ಪರವಾಗಿ ಬಂದು ಸಂತ್ರಸ್ತರ ಸೇವೆಗೆ ನಿಂತಳು.

ಉಳಿದ ಜನ ಇಂಡಿಯಾನೋಲದವರಂತೆ ಊರು ಬಿಡಲಿಲ್ಲ. 1902ರಲ್ಲಿ ಕಾಂಕ್ರೀಟಿನ ಗೋಡೆಯ ಕೆಲಸ ಆರಂಭವಾಯಿತು. ಹದಿನೇಳು ಅಡಿ ಎತ್ತರದ ಆ ಗೋಡೆಯ ಮೊದಲ ಭಾಗ, ಮೂರು ಮೈಲಿಗೂ ಹೆಚ್ಚು ಉದ್ದದ್ದು, 1904ರಲ್ಲಿ ಮುಗಿಯಿತು. ಅದಕ್ಕಿಂತ ಸಾಹಸದ ಕೆಲಸವೆಂದರೆ ನಗರದ ನೆಲವನ್ನೇ ಎತ್ತರಿಸಿದುದು. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ತಿರುಪಿನ ಜಾಕ್‌ಗಳಿಂದ ಮೇಲಕ್ಕೆತ್ತಿ, ಕಡಲ ತಳದಿಂದ ತೋಡಿದ ಮರಳುಗೆಸರನ್ನು ಕೊಳವೆಗಳ ಮೂಲಕ ಅವುಗಳ ಕೆಳಗೆ ಹರಿಸಿದರು. ಮೂರು ಸಾವಿರ ಟನ್ ತೂಕದ ಸೇಂಟ್ ಪ್ಯಾಟ್ರಿಕ್ ಇಗರ್ಜಿಯನ್ನೂ ಹೀಗೆಯೇ ಐದು ಅಡಿ ಏರಿಸಲಾಯಿತು. ತಮ್ಮ ಮನೆಗಳನ್ನು ಎತ್ತಿಸುವ ವೆಚ್ಚವನ್ನು ಜನರೇ ಹೊತ್ತರು. ಉಪ್ಪುಗೆಸರಿಗೆ ಸಿಕ್ಕಿ ಗಿಡಮರಗಳು ಸತ್ತವು. ವರ್ಷಗಟ್ಟಲೆ ಜನ ಕೆಸರಿನ ಮೇಲೆ ಹಾಸಿದ ಹಲಗೆಗಳ ಮೇಲೆಯೇ ನಡೆದಾಡಿದರು.

1915ರ ಆಗಸ್ಟಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಬಲದ ಇನ್ನೊಂದು ಮಾರುತ ಬಂದಿತು. ನಗರದೊಳಗೆ ನೀರು ನುಗ್ಗಿತಾದರೂ ಗೋಡೆ ಅಲುಗಲಿಲ್ಲ. ದ್ವೀಪದಲ್ಲಿ ಸತ್ತವರ ಸಂಖ್ಯೆ ಹತ್ತಾರಕ್ಕೆ ನಿಂತಿತು. ಆದರೆ ವ್ಯಾಪಾರ ಅಷ್ಟರಲ್ಲಿ ಒಳನಾಡಿನ ಹ್ಯೂಸ್ಟನ್ ನಗರದತ್ತ ತಿರುಗಿತ್ತು. 1914ರಲ್ಲಿ ತೆರೆದ ಆಳವಾದ ಕಾಲುವೆಯ ಮೂಲಕ ಹಡಗುಗಳು ನೇರವಾಗಿ ಅಲ್ಲಿಗೇ ಹೋಗತೊಡಗಿದವು. 2008ರ ಸೆಪ್ಟೆಂಬರಿನಲ್ಲಿ ಐಕ್ ಎಂಬ ಹರಿಕೇನ್ ಬಂದಾಗ ಗೋಡೆ ಮುಂದಿನ ಕಡಲನ್ನು ತಡೆದು ನಿಲ್ಲಿಸಿತು. ಗೋಡೆಯಿಲ್ಲದ ಹಿಂದಿನ ಪಕ್ಕದಲ್ಲಿ ಹಿನ್ನೀರು ಉಕ್ಕಿ ನಗರವನ್ನು ಹೊಕ್ಕಿತು. ನೆರೆಯ ಬೊಲಿವರ್ ನೀಳಭೂಮಿಯಲ್ಲಂತೂ ಸಾಲುಸಾಲು ಮನೆಗಳು ಅಡಿಪಾಯ ಮಾತ್ರ ಉಳಿಸಿ ಹೋದವು. ಹಿನ್ನೀರಿನ ಬಾಯಿಗೇ ಬೃಹತ್ತಾದ ಬಾಗಿಲುಗಳನ್ನು ಇಡುವ ಯೋಜನೆಗೆ ಅಮೆರಿಕದ ಸಂಸತ್ತು 2022ರಲ್ಲಿ ಒಪ್ಪಿಗೆಯಿತ್ತಿತು.