ಅಲೆಯನ್ನು ನುಂಗುವ ಗೋಡೆ

ನಮ್ಮನೆ ದನದ ತೊಟ್ಟಿಗೆ ಒಂದು ಕಲ್ಲು ಹಾಕಿ ನೋಡಿದೆ. ಅಲೆ ಗೋಡೆಗೆ ಬಡಿದು ವಾಪಸ್ ಬಂತು. ಆಮೇಲೆ ಯಾವುದು ಹೋಗೋ ಅಲೆ, ಯಾವುದು ಬರೋ ಅಲೆ ಗೊತ್ತಾಗಲೇ ಇಲ್ಲ. ಕೆರೆಯಲ್ಲಿ ಹಾಗಲ್ಲ, ಅಲೆ ದೂರ ಹೋಗಿ ಅಡಗುತ್ತದೆ.

ಅಣೆಕಟ್ಟು ಭೂಕಂಪವನ್ನು ತಾಳೀತೇ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರಿಗೂ ಇದೇ ತಾಪತ್ರಯ. ಭೂಮಿ ಕೆರೆಯ ಹಾಗೆ ವಿಶಾಲ. ಕಂಪ್ಯೂಟರಿಗೆ ಕೊಡೋದು ತೊಟ್ಟಿಯಷ್ಟೇ ನೆಲ. ಅದರ ಅಂಚಿಗೆ ಬಡಿದ ಅಲೆ ಹಿಂದಿರುಗಿ ಅಣೆಕಟ್ಟನ್ನು ಮತ್ತೆ ಅಲ್ಲಾಡಿಸುತ್ತದೆ. ನಿಜದಲ್ಲಿ ಅಂಥ ಅಲೆಯೇ ಇಲ್ಲ! ಲೆಕ್ಕ ತಪ್ಪಿದರೆ ಕೆಳಗಿನ ಊರುಗಳ ಗತಿ?

1969ರಲ್ಲಿ ಲೈಸ್ಮರ್ ಮತ್ತು ಕುಲೆಮೇಯರ್ ಒಂದು ಉಪಾಯ ಹೇಳಿದರು. ಬೈಕಿನ ಷಾಕ್ ಅಬ್ಸಾರ್ಬರಿನ ಎಣ್ಣೆಯಂತೆ, ಅಂಚಿನಲ್ಲಿ ವೇಗಕ್ಕೆ ತಕ್ಕ ತಡೆ ಒಡ್ಡಬೇಕು. ಎಷ್ಟು? ಮಣ್ಣಿನ ಸಾಂದ್ರತೆ × ಅಲೆಯ ವೇಗ × ಮಣ್ಣು ಅಲ್ಲಾಡುವ ವೇಗ. ಸಾಂದ್ರತೆ ಘನಮೀಟರಿಗೆ 2000 ಕಿ.ಗ್ರಾಂ., ಅಲೆ ಸೆಕೆಂಡಿಗೆ 300 ಮೀ., ಮಣ್ಣು ಸೆಕೆಂಡಿಗೆ 0.1 ಮೀ. ಎಂದಿಟ್ಟುಕೊಳ್ಳಿ; ಚದರ ಮೀಟರಿಗೆ 60,000 ನ್ಯೂಟನ್. ಜಾಸ್ತಿ ತಡೆದಷ್ಟೂ ಒಳ್ಳೇದು ಅಂತ ನಾನು ಅಂದ್ಕೊಂಡಿದ್ದೆ. ತಪ್ಪು! ಬಿಗಿ ಹೆಚ್ಚಾದರೆ ಅದೂ ತೊಟ್ಟಿಯ ಗೋಡೆಯೇ. ಕಡಿಮೆಯಾದರೂ ಅಲೆ ವಾಪಸ್.

ಆದರೆ ನೇರವಾಗಿ ಬಂದ ಅಲೆಗೆ ಮಾತ್ರ ಇದು ಪೂರ್ತಿ ಸರಿ. ಓರೆಯಾಗಿ ಬಂದದ್ದು ಸ್ವಲ್ಪ ಹಿಂದಿರುಗುತ್ತದೆ. 1994ರಲ್ಲಿ ಫ್ರಾನ್ಸಿನ ಬೆರೆಂಜೆ, ವಿದ್ಯುತ್ಕಾಂತ ಅಲೆಗಳಿಗಾಗಿ ಅಂಚಿಗೆ ಒಂದು ಪದರವನ್ನೇ ಹಚ್ಚಿದರು. ಒಳಹೊಕ್ಕ ಅಲೆ ಅಲ್ಲೇ ಸವೆಯುತ್ತಾ ಹೋಗುತ್ತದೆ. ಆಮೇಲೆ ಭೂಕಂಪದ ಲೆಕ್ಕಕ್ಕೂ ಅದು ಬಂತು.

ನಾನೂ ತೊಟ್ಟಿಯ ಅಂಚಿಗೆ ಹುಲ್ಲಿನ ಕಟ್ಟು ಇಟ್ಟೆ. ವಾಪಸ್ ಬರೋ ಅಲೆ ಎಷ್ಟೋ ಕಡಿಮೆ ಆಯ್ತು. ಇನ್ನೊಂದ್ಸಲ ನೋಡೋಣ ಅನ್ನೋಷ್ಟರಲ್ಲಿ ಎಮ್ಮೆ ಬಂದು ಹುಲ್ಲನ್ನೇ ತಿಂದುಬಿಟ್ಟಿತು.